ಸೇವಾದಾಖಲೆಗಳಲ್ಲಿ ಪೂರ್ವಜ ಫೌಜದಾರನ ಶೋಧ

ಪುಣೆಯಲ್ಲಿ ನೆಲೆಸಿರುವ ಕನ್ನಡ ಮನೆತನಗಳಲ್ಲಿ ‘ನಮ್ಮ ಮುತ್ತಜ್ಜ ಫೌಜದಾರರಾಗಿದ್ದರು’ ಎಂಬ ಮಾತು ಕೇಳಿಬರುವುದುಂಟು. ಅದನ್ನು ಪರಿಶೀಲಿಸಹೊರಟವರು ಮೊದಲು ಹುದ್ದೆಯ ಸ್ವರೂಪವನ್ನು ನಿಶ್ಚಯಿಸಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. 1867ರ ಮುಂಬಯಿ ಗ್ರಾಮ ಪೊಲೀಸ್ ಕಾಯಿದೆಗೆ ಒಳಪಟ್ಟ ಪೊಲೀಸ್ ಪಾಟೀಲನದು ಬಹುಮಟ್ಟಿಗೆ ವಂಶಪಾರಂಪರ್ಯದ ಹಕ್ಕು. ಅವನ ಕುರುಹನ್ನು ಇನಾಮು-ವತನಗಳ ಕಾಗದಗಳಲ್ಲಿ, ಪುಣೆಯ ಪೇಶವೆ ದಫ್ತರದಂತಹ ಕಡೆ, ಅರಸಬೇಕು. ಫೌಜದಾರನಾದರೋ ಸರಕಾರದ ಸಂಬಳದ ನೌಕರ. ಗೆಜೆಟೆಡ್ ದರ್ಜೆಯವರ ನೇಮಕ, ವರ್ಗಾವಣೆಗಳು ಮುಂಬಯಿ ಸರಕಾರದ ಗೆಜೆಟ್ಟಿನಲ್ಲಿ ಅಚ್ಚಾಗುತ್ತಿದ್ದವು. ಫೌಜದಾರನು ಆ ದರ್ಜೆಯವನಲ್ಲ. ಆದಕಾರಣ ಗೆಜೆಟ್ಟಿನಲ್ಲಿ ಹೆಸರಿಲ್ಲವೆಂದು ಮನೆತನದ ಮಾತನ್ನು ಸುಳ್ಳೆನ್ನಲಾಗದು. ಜಿಲ್ಲಾ ಪೊಲೀಸ್ ಕಚೇರಿಯ ಸೇವಾಪುಸ್ತಕವನ್ನೇ ಕೇಳಬೇಕು.

1906ರಲ್ಲಿ ಪುಣೆಯ ಭಾಂಬುರ್ಡೆಯಲ್ಲಿ (ಇಂದಿನ ಶಿವಾಜಿನಗರ) ಆರಂಭವಾದ ಪೊಲೀಸ್ ತರಬೇತಿ ಶಾಲೆಯು 1909ರಲ್ಲಿ ನಾಸಿಕಕ್ಕೆ ಸ್ಥಳಾಂತರಗೊಂಡಿತು. ಅಜ್ಜ ಭಾಂಬುರ್ಡೆಯ ಶಾಲೆಯಲ್ಲಿ ಕಲಿತನೆಂಬ ನೆನಪು ಉಳಿದಿದ್ದರೆ ಶೋಧದ ಅವಧಿ ಮೂರು ವರ್ಷಗಳಿಗೆ ಇಳಿಯುತ್ತದೆ. ಇಂಥ ನೆನಪುಗಳನ್ನು ಸಂಶೋಧಕರು ಹಗುರವಾಗಿ ಕಾಣಬಾರದು.

ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರಿದವು. ಒಬ್ಬನೇ ನೌಕರನ ಕಾಗದಗಳು ಎರಡು ರಾಜ್ಯಗಳಲ್ಲಿ ಹಂಚಿಹೋಗಿರಬಹುದು. ಹೆಸರಿನ ತೊಡಕು ಬೇರೆ: ಮನೆಯ ‘ಬಸಪ್ಪ’ ಮರಾಠಿ ಗುಮಾಸ್ತನ ಕೈಯಲ್ಲಿ ‘ಬಸಾಪಾ’ ಆಗಿರಬಹುದು, ‘ಫೌಜದಾರ’ ಎಂಬುದೇ ಅಡ್ಡಹೆಸರಾಗಿ ನಿಂತ ಮನೆತನಗಳೂ ಉಂಟು. ಆದುದರಿಂದ ತಂದೆಯ ಹೆಸರು, ಹುಟ್ಟೂರುಗಳೆರಡೂ ತಾಳೆಯಾಗುವವರೆಗೆ ವಂಶವೃಕ್ಷದಲ್ಲಿ ಆ ಹೆಸರನ್ನು ಬರೆಯತಕ್ಕದ್ದಲ್ಲ.