ಸರಾಸರಿಯಲ್ಲಿ ಕಳೆದುಹೋದ ತಾಲ್ಲೂಕುಗಳು

ದಾವಣಗೆರೆ ಜಿಲ್ಲೆಯ ಜನಸಂಖ್ಯೆ ಎಷ್ಟೆಂದು ಕೇಳಿದರೆ 19,45,497 ಎಂಬ ಉತ್ತರ ಸಿದ್ಧವಾಗಿರುತ್ತದೆ. 2011ರ ಜನಗಣತಿ ಕೊಟ್ಟ ಈ ಅಂಕಿಯಲ್ಲಿ ಹರಪನಹಳ್ಳಿಯೂ ಸೇರಿದೆ. ಆ ತಾಲ್ಲೂಕು 2018ರಲ್ಲಿ ಬಳ್ಳಾರಿಗೆ ಹೋಯಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಇತ್ತ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯ ಹೆಸರು ಆ ಗಣತಿಯ ತಾಲ್ಲೂಕು ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಹೋದವರನ್ನು ಒಳಗಿಟ್ಟುಕೊಂಡು, ಇರುವವರನ್ನು ಹೆಸರಿಸದೆ ಉಳಿದ ಸಂಖ್ಯೆಯ ಮೇಲೆ ಒಂದು ಸೀಮೆಯ ಅಗತ್ಯಗಳನ್ನು ಅಳೆಯುವುದು ಸರಿಯಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳನ್ನು ಅರಿಯಬೇಕಾದರೆ ಜಿಲ್ಲೆಯ ಸರಾಸರಿಯನ್ನು ಪಕ್ಕಕ್ಕಿಟ್ಟು ತಾಲ್ಲೂಕು, ಹೋಬಳಿ, ಹಳ್ಳಿಯ ಮಟ್ಟಕ್ಕೆ ಇಳಿಯಲೇಬೇಕು.

ಈ ನಾಲ್ಕು ತಾಲ್ಲೂಕುಗಳನ್ನು ಒಂದೇ ನಕ್ಷೆಯಲ್ಲಿ ಕೂಡಿಸಿದ್ದು ಇತಿಹಾಸವಲ್ಲ, 1997ರ ಒಂದು ಆಡಳಿತ ನಿರ್ಧಾರ. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರೇ ಆದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ ಏಳು ಹೊಸ ಜಿಲ್ಲೆಗಳಾದವು. ದಾವಣಗೆರೆಗಾಗಿ ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ, ಚಿತ್ರದುರ್ಗದಿಂದ ಜಗಳೂರು, ಬಳ್ಳಾರಿಯಿಂದ ಹರಪನಹಳ್ಳಿ ಬಂದವು. ಅದಕ್ಕೂ ಹಿಂದೆ ಈ ನೆಲದಲ್ಲಿ ಬಸವಾಪಟ್ಟಣದ ಪಾಳೆಯಗಾರರು, ಬಿಜಾಪುರದ ಸೇನೆ, ಕೆಳದಿಯ ಅರಸರು, ಮರಾಠರು, ಮೈಸೂರಿನವರು ಒಬ್ಬರ ಮೇಲೊಬ್ಬರು ಓಡಾಡಿದ್ದಾರೆ. ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ ಸಂತೇಬೆನ್ನೂರಿನ ಪುಷ್ಕರಣಿಯ ಎದುರಿಗೇ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನನ ಕಾಲದ ಮುಸಾಫಿರ್‌ಖಾನೆ ನಿಂತಿದೆ. ಶಿವಾಜಿಯ ತಂದೆ ಶಹಾಜಿ 1664ರಲ್ಲಿ ತೀರಿಕೊಂಡು ಮಣ್ಣಾದದ್ದು ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ. ಗಡಿಗಳು ಇಲ್ಲಿ ಎಂದೂ ಗಟ್ಟಿಯಾಗಿ ನಿಂತಿಲ್ಲ. ನಿಂತದ್ದು ನೀರಿನ ಗೆರೆ ಮಾತ್ರ.

ಆ ಗೆರೆಯನ್ನು ನೋಡಲು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಹೋಗಬೇಕು. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಗೆ ಏರಿ ಕಟ್ಟಿ ಹರಿದ್ರಾ ಹಳ್ಳವನ್ನು ತಡೆದ ಆ ಹಿರಿಯರ ನೆಲದ ಅರಿವು ದೊಡ್ಡದು. ಏರಿ ಪುಟ್ಟದು, ಅದು ಹಿಡಿದಿಟ್ಟ ನೀರು ಸಾವಿರಾರು ಎಕರೆಗೆ ಹಬ್ಬಿದೆ. ಬಿ.ಎಲ್. ರೈಸ್ ತಮ್ಮ ಗೆಜೆಟಿಯರ್‌ನಲ್ಲಿ ಇದರ ಸುತ್ತಳತೆ ನಲವತ್ತು ಮೈಲಿ ಎಂದು ಬರೆದರು. ಶಾಂತಿಸಾಗರ ಎಂಬ ಇನ್ನೊಂದು ಹೆಸರಿನ ಹಿಂದೆ, ಕೆರೆಗಾಗಿ ತನ್ನನ್ನು ಕೊಟ್ಟುಕೊಂಡ ಶಾಂತವ್ವನ ಕಥೆಯಿದೆ. ಕೆರೆ ತುಂಬಿ ಹೊರಟ ಹರಿದ್ರಾ ಹರಿಹರದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಚಿತ್ರದುರ್ಗ ನಗರ ಕುಡಿಯುವ ನೀರಿನ ಒಂದು ಪಾಲೂ ಇಲ್ಲಿಯದೇ, ಅಂದರೆ ಚನ್ನಗಿರಿಯ ಕೆರೆ ಜಿಲ್ಲೆಯ ಗಡಿಯನ್ನು ಲೆಕ್ಕಿಸಿಲ್ಲ. 1960ರ ದಶಕದಲ್ಲಿ ಭದ್ರಾ ಜಲಾಶಯ ಪೂರ್ಣಗೊಂಡು ಬಲದಂಡೆ ನಾಲೆ ಹರಿದ ಮೇಲೆ ಸೀಮೆ ಎರಡಾಯಿತು. ನಾಲೆಯ ಕೆಳಗೆ ಭತ್ತ, ತೆಂಗು, ಅಡಿಕೆ. ನಾಲೆಯ ಮೇಲೆ ಮೆಕ್ಕೆಜೋಳ, ರಾಗಿ ಮತ್ತು ಆಕಾಶ. ಜಗಳೂರು ಪೂರ್ತಿಯಾಗಿ ಆ ಎರಡನೆಯ ಪಾಲಿನದು. ಅಲ್ಲಿನ ರಂಗಯ್ಯನದುರ್ಗದ ಕುರುಚಲು ಕಾಡು ಕೊಂಡುಕುರಿಗಳ ಅಭಯಾರಣ್ಯವಾಗಿದೆ. ಮಲೆನಾಡಿನ ಅಂಚಿನ ನ್ಯಾಮತಿಗೂ ಈ ಒಣ ಸೀಮೆಗೂ ಒಂದೇ ಸರಾಸರಿ ಮಳೆ ಹೇಳುವುದು ನಕ್ಷೆಗೆ ಅನುಕೂಲ, ರೈತನಿಗಲ್ಲ.

ನೀರು ಬಂದಲ್ಲಿ ದುಡ್ಡು ಬಂತು, ದುಡ್ಡಿನ ಹೆಸರು ಅಡಿಕೆ. ನಲ್ಲೂರೂ ಸೇರಿದಂತೆ ಚನ್ನಗಿರಿ ತಾಲ್ಲೂಕಿನ ಹಳ್ಳಿಗಳಲ್ಲಿ ಕೊಯ್ಲಿನ ತಿಂಗಳುಗಳು ಅಡಿಕೆ ಮನೆಗಳ ತಿಂಗಳುಗಳು. ಹಸಿ ಅಡಿಕೆ ಸುಲಿದು, ಚೊಗರಿನಲ್ಲಿ ಬೇಯಿಸಿ, ಕಣದಲ್ಲಿ ಒಣಗಿಸಿ ರಾಶಿ ಮಾಡುವ ಈ ಕೆಲಸದಲ್ಲಿ ತೋಟದವರಷ್ಟೇ ಖೇಣಿದಾರರೂ ಇದ್ದಾರೆ, ಸುಲಿಯುವ ಹೆಂಗಸರೂ ಇದ್ದಾರೆ. ಚನ್ನಗಿರಿಯ ತುಮ್ಕೋಸ್ ರಾಜ್ಯದ ದೊಡ್ಡ ಅಡಿಕೆ ಸಹಕಾರ ಸಂಸ್ಥೆಗಳಲ್ಲೊಂದು. ಆದರೆ ನಾಲೆ ಮುಟ್ಟದ ಕಡೆಯ ತೋಟಗಳು ಕೊಳವೆಬಾವಿಯ ಮೇಲೆ ನಿಂತಿವೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಂಡು ಮರ ಉಳಿಸಿಕೊಳ್ಳುವವರೂ, ಕ್ವಿಂಟಲ್‌ಗಟ್ಟಲೆ ರಾಶಿ ಮಾರುವವರೂ ಒಂದೇ ತಾಲ್ಲೂಕಿನವರು. ‘ಅಡಿಕೆ ಸೀಮೆ, ಶ್ರೀಮಂತ ಸೀಮೆ’ ಎಂಬ ಮಾತು ಹಬ್ಬಿರುವುದರಿಂದ ಸಂಕಟದಲ್ಲಿರುವವರ ಮಾತು ಕೇಳುವವರಿಲ್ಲದಂತಾಗಿದೆ.

ಜನ ಎಲ್ಲಿಗೆ ಹೋಗುತ್ತಿದ್ದಾರೆ ಎಂಬುದಕ್ಕೆ ಒಂದು ಸುಳಿವು ಗಣತಿಯಲ್ಲೇ ಇದೆ. 2001ರಿಂದ 2011ರವರೆಗೆ ರಾಜ್ಯದ ಜನಸಂಖ್ಯೆ ಶೇ 15.6ರಷ್ಟು ಬೆಳೆದರೆ ದಾವಣಗೆರೆ ಜಿಲ್ಲೆ ಬೆಳೆದದ್ದು ಶೇ 8.7ರಷ್ಟು, ಬೆಂಗಳೂರು ನಗರ ಜಿಲ್ಲೆ ಸುಮಾರು ಶೇ 47. ಚಿಕ್ಕ ಕುಟುಂಬಗಳು ಇದಕ್ಕೆ ಅರ್ಧ ಕಾರಣವಾದರೆ ವಲಸೆ ಇನ್ನರ್ಧ ಎಂದು ನನಗನಿಸುತ್ತದೆ. ಬಂಜಾರರ ಆರಾಧ್ಯರಾದ ಸೇವಾಲಾಲರ ಜನ್ಮಸ್ಥಳವೆಂದು ನಂಬಲಾದ ಸೂರಗೊಂಡನಕೊಪ್ಪ ನ್ಯಾಮತಿ ತಾಲ್ಲೂಕಿನಲ್ಲಿದೆ, ಪ್ರತಿ ಫೆಬ್ರುವರಿಯಲ್ಲಿ ಅಲ್ಲಿಗೆ ಲಕ್ಷಾಂತರ ಮಂದಿ ಬರುತ್ತಾರೆ. ಅದೇ ಸಮುದಾಯದ ತಾಂಡಾಗಳಿಂದ ಕಾಫಿ ಸೀಮೆಗೆ, ಕಬ್ಬು ಕಡಿಯಲು ಗುಳೆ ಹೋಗುವವರಿದ್ದಾರೆ. ಜಿಲ್ಲೆಯ ಒಟ್ಟು ಅಂಕಿಯಲ್ಲಿ ಗುಳೆ ಕಾಣುವುದಿಲ್ಲ. ಯಾವ ತಾಂಡಾದ ಎಷ್ಟು ಮಕ್ಕಳು ಅರ್ಧ ವರ್ಷ ಶಾಲೆ ಬಿಡುತ್ತಾರೆ ಎಂದು ತಿಳಿಯಲು ತಾಂಡಾದ ಲೆಕ್ಕವೇ ಬೇಕು.

ಇದಕ್ಕೆ ಬರುವ ಆಕ್ಷೇಪಗಳನ್ನು ತಳ್ಳಿಹಾಕುವಂತಿಲ್ಲ. ಅನುದಾನ, ಆಸ್ಪತ್ರೆ, ಅಧಿಕಾರಿಗಳು ಎಲ್ಲವೂ ಜಿಲ್ಲೆಯ ಹೆಸರಿನಲ್ಲೇ ಬರುತ್ತವೆ, ಚೂರು ಚೂರು ಮಾಡಿದರೆ ಆಡಳಿತ ನಡೆಯುವುದು ಹೇಗೆ ಎನ್ನುತ್ತಾರೆ. ನಾನು ಆಡಳಿತವನ್ನು ಒಡೆಯಲು ಹೇಳುತ್ತಿಲ್ಲ, ಲೆಕ್ಕವನ್ನು ಬಿಡಿಸಿ ಇಡಿ ಎನ್ನುತ್ತಿದ್ದೇನೆ. ಅಮೆರಿಕದಲ್ಲಿ ರಾಜ್ಯದೊಳಗಿನ ಆಡಳಿತ ಘಟಕಗಳಾದ ಕೌಂಟಿಗಳು ಮೂರು ಸಾವಿರಕ್ಕೂ ಹೆಚ್ಚಿವೆ. ಟೆಕ್ಸಾಸ್‌ನ ಲವಿಂಗ್ ಕೌಂಟಿಯಲ್ಲಿ 2020ರ ಗಣತಿಗೆ ಸಿಕ್ಕವರು 64 ಮಂದಿ. ನಮ್ಮ ಎಷ್ಟೋ ಕೇರಿಗಳಲ್ಲಿ ಅದಕ್ಕಿಂತ ಹೆಚ್ಚು ಜನರಿರುತ್ತಾರೆ. ಆದರೂ ಅದಕ್ಕೆ ಗಣತಿಯ ಲೆಕ್ಕದಲ್ಲಿ ತನ್ನದೇ ಪುಟವಿದೆ. ನಮ್ಮಲ್ಲೂ ಗಣತಿ ಹಳ್ಳಿವಾರು ಅಂಕಿ ಕೊಡುತ್ತದೆ. ಅದನ್ನು ತೆರೆದು ನೋಡುವ ರೂಢಿ ಪಂಚಾಯಿತಿಗಳಲ್ಲಿ ಬೆಳೆದಿಲ್ಲ.

ಇನ್ನೊಂದು ವಾದ ಹೆಚ್ಚು ಗಂಭೀರ. ತುಂಗಭದ್ರೆಯಿಂದ ಜಗಳೂರಿನ 57 ಕೆರೆ ತುಂಬಿಸುವ ಯೋಜನೆ ಇದೆ, ಭದ್ರಾ ಮೇಲ್ದಂಡೆ ಯೋಜನೆಯೂ ಬರಲಿದೆ, ಆಗ ಈ ಅಂತರವೇ ಉಳಿಯದು ಎಂಬುದು. ಕೆರೆಗಳು ತುಂಬಬೇಕು, ಜಗಳೂರಿಗೆ ಆ ನೀರು ಎಂದೋ ಬರಬೇಕಿತ್ತು. ಆದರೆ ಮೇಲ್ದಂಡೆಗೆ ಮೀಸಲಾದ 29.9 ಟಿಎಂಸಿ ಅಡಿಯಲ್ಲಿ 12.5ರಷ್ಟು ಭದ್ರೆಯ ಪಾಲು, ಉಳಿದ 17.4 ತುಂಗೆಯಿಂದ ಎತ್ತಿ ತರಬೇಕಾದದ್ದು. ತುಂಗೆಯ ನೀರು ಬಾರದಿದ್ದರೆ ಭದ್ರೆಯಲ್ಲಿರುವ ತಮ್ಮ ಪಾಲು ಬತ್ತೀತೆಂದು ಬಲದಂಡೆ ನಾಲೆಯ ಕೊನೆ ಭಾಗದ ರೈತರು ಹೆದರುವುದು ಸುಮ್ಮನೆ ಅಲ್ಲ, 2023ರ ಬರದಲ್ಲಿ ಅವರು ನೀರಿಗಾಗಿ ಬೀದಿಗಿಳಿದಿದ್ದರು. ಒಂದೇ ಜಿಲ್ಲೆಯ ಎರಡು ತಾಲ್ಲೂಕುಗಳು ಒಂದೇ ನೀರಿಗೆ ಎದುರುಬದುರಾಗುವಾಗ ಯಾರಿಗೆ ಎಷ್ಟು ಎಂದು ತೀರ್ಮಾನಿಸಲು ಜಿಲ್ಲೆಯ ಸರಾಸರಿಯಿಂದ ಏನೂ ಪ್ರಯೋಜನವಿಲ್ಲ.

2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡಿರುವ ಜನಗಣತಿ ಈ ತಪ್ಪನ್ನು ತಿದ್ದುವ ಅವಕಾಶ. ಹುಟ್ಟಿದೂರು ಯಾವುದು, ಊರು ಬಿಟ್ಟದ್ದು ಏಕೆ ಎಂದು ಹಿಂದಿನ ಗಣತಿಗಳು ಕೇಳಿದ್ದವು. ಈ ಬಾರಿಯೂ ಕೇಳಿದರೆ ಬೆಂಗಳೂರಿನಲ್ಲಿರುವ ನಲ್ಲೂರಿನವರೂ, ಕಾಫಿ ತೋಟದ ಲೈನ್ ಮನೆಯಲ್ಲಿರುವ ತಾಂಡಾದವರೂ ತಮ್ಮ ಊರಿನ ಹೆಸರನ್ನು ಸ್ಪಷ್ಟವಾಗಿ ಬರೆಸಲಿ. ಅಂಕಿಗಳು ಹೊರಬಂದ ಮೇಲೆ ಪ್ರತಿ ಗ್ರಾಮ ಪಂಚಾಯಿತಿಯೂ ತನ್ನ ಹಳ್ಳಿಗಳ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿ ಹೇಳಲಿ. ನ್ಯಾಮತಿಯ ಪಾಲಿಗೆ ಅದು ತಾಲ್ಲೂಕಾಗಿ ಸಿಗುವ ಮೊದಲ ಸ್ವಂತ ಲೆಕ್ಕ.