ಮೈನರ್ ಆಸ್ತಿಗೆ ಅಪ್ಪನ ಸಹಿ ಸಾಲದು

ಶೆಟ್ಟಿಹಳ್ಳಿ ಎಂದರೆ ಹೊರಗಿನವರಿಗೆ ಹೇಮಾವತಿ ಹಿನ್ನೀರಿನಲ್ಲಿ ನಿಂತ ಪಾಳು ಚರ್ಚು ಅಷ್ಟೆ. ಗೊರೂರು ಅಣೆಕಟ್ಟೆಗೆ ಊರು, ಹೊಲ ಬಿಟ್ಟುಕೊಟ್ಟ ಆ ಸೀಮೆಯವರಿಗೆ ಮಾತ್ರ ಜಮೀನಿನ ಕಾಗದಪತ್ರದ ಬೆಲೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಆದರೂ ಒಂದು ಸಂಗತಿಯಲ್ಲಿ ಅಲ್ಲಿಯವರೂ ನಮ್ಮೆಲ್ಲರಂತೆ ಎಡವಬಹುದು. ಅಜ್ಜಿ ಮೊಮ್ಮಗನ ಹೆಸರಿಗೆ ದಾನಪತ್ರ ಮಾಡಿಕೊಟ್ಟ ಅರ್ಧ ಎಕರೆ ಇರುತ್ತದೆ. ಕ್ರಯಪತ್ರದಲ್ಲಿ ‘ಮೈನರ್, ಗಾರ್ಡಿಯನ್ ತಂದೆ’ ಎಂದು ಬರೆಸಿ ಅಪ್ಪ ಸಹಿ ಹಾಕಿದರೆ ಮಾರಾಟ ಮುಗಿಯಿತೆಂದು ಎರಡೂ ಕಡೆಯವರು ನಂಬುತ್ತಾರೆ. ಮುಗಿದಿರುವುದಿಲ್ಲ.

1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ 8ನೇ ಕಲಮಿನ ಪ್ರಕಾರ, ಮಗುವಿನ ಸ್ವಂತ ಸ್ಥಿರಾಸ್ತಿಯನ್ನು ಮಾರಲು, ಅಡವಿಡಲು, ದಾನ ಕೊಡಲು, ಐದು ವರ್ಷ ಮೀರಿ ಗುತ್ತಿಗೆಗೆ ಕೊಡಲು ಹೆತ್ತವರಿಗೂ ನ್ಯಾಯಾಲಯದ ಅನುಮತಿ ಬೇಕು. ಮಗುವಿಗೆ ಅವಶ್ಯಕತೆ ಇದೆ ಅಥವಾ ಸ್ಪಷ್ಟ ಲಾಭವಿದೆ ಎಂದು ತೋರಿಸಿದರೆ ಮಾತ್ರ ಅನುಮತಿ. ಇಲ್ಲದೆ ಮಾರಿದ್ದನ್ನು ಮಗು ದೊಡ್ಡದಾದ ಮೇಲೆ ತಿರಸ್ಕರಿಸಬಹುದು. ದಾವಣಗೆರೆಯ ಶಾಮನೂರಿನಲ್ಲಿ ಆದದ್ದು ಅದೇ. ತಂದೆಯೊಬ್ಬರು 1971ರಲ್ಲಿ ಅಪ್ರಾಪ್ತ ಮಕ್ಕಳ ಹೆಸರಿನಲ್ಲಿ ನಿವೇಶನ ಕೊಂಡು, ಆಮೇಲೆ ಅನುಮತಿ ಪಡೆಯದೆ ಮಾರಿದರು. ವಯಸ್ಸಿಗೆ ಬಂದ ಮಕ್ಕಳು ಅದೇ ನಿವೇಶನವನ್ನು ಬೇರೆಯವರಿಗೆ ಮಾರಿದರು. ಅಪ್ಪನ ಮಾರಾಟ ರದ್ದುಪಡಿಸಲು ಅವರು ದಾವೆಯನ್ನೇ ಹೂಡಬೇಕಿಲ್ಲ, ಕಾಲಮಿತಿಯೊಳಗೆ ಹೀಗೆ ನಡತೆಯಲ್ಲೇ ತಿರಸ್ಕರಿಸಿದರೂ ಸಾಕೆಂದು ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್‌ನಲ್ಲಿ ತೀರ್ಪಿತ್ತಿತು. ಅಪ್ಪನ ಮಾರಾಟವನ್ನು ನಂಬಿ ಕೊಂಡವರ ಕೈಗೆ ಏನೂ ಉಳಿಯಲಿಲ್ಲ.

‘ಹೆತ್ತು ಸಾಕಿದವನು ನಾನು, ಮಗನ ಜಮೀನು ಮಾರಲು ಕೋರ್ಟಿನ ಅಪ್ಪಣೆ ಏಕೆ?’ ಎಂಬ ಪ್ರಶ್ನೆ ಸಹಜ. ಆದರೆ ಸಾಕುವುದು ಉಪಕಾರವಲ್ಲ. ಮಕ್ಕಳ ಪೋಷಣೆಯನ್ನು ತಂದೆತಾಯಿಯ ಹೊಣೆಯೆಂದು 1956ರ ಇನ್ನೊಂದು ಕಾಯ್ದೆ, ದತ್ತಕ ಮತ್ತು ಜೀವನಾಂಶ ಕಾಯ್ದೆ, ವಿಧಿಸಿದೆ. ಮದುವೆಯೊಳಗೆ ಹುಟ್ಟಿದ ಮಗು, ಹೊರಗೆ ಹುಟ್ಟಿದ ಮಗು ಎಂಬ ಭೇದವನ್ನೂ ಅದು ಮಾಡಿಲ್ಲ. ಹಾಗಿರುವಾಗ, ದುಡಿಯಬಲ್ಲ ತಂದೆ ಮಗನ ಶಾಲೆಯ ಖರ್ಚಿಗೆಂದು ಮಗನದೇ ನೆಲ ಮಾರಿದರೆ, ಸಾಲಗಾರ ತನ್ನ ಸಾಲವನ್ನು ಕೊಟ್ಟವನ ಜೇಬಿನಿಂದಲೇ ತೀರಿಸಿದಂತೆ. ನಿಜಕ್ಕೂ ಗತಿಯಿಲ್ಲದವನ ಮಾತು ಬೇರೆ. ಕಾನೂನಿನಲ್ಲಿರುವ ‘ಅವಶ್ಯಕತೆ’ ಅಂಥವರಿಗಾಗಿಯೇ ಇದೆ. ಗಾರ್ಡಿಯನ್ ಎಂದರೆ ಅಪ್ಪನೇ ಎಂಬ ಹಟಕ್ಕೂ ಈಗ ಆಧಾರವಿಲ್ಲ. ಪಾಲಕತ್ವ ಕಾಯ್ದೆಯಲ್ಲಿರುವ ತಂದೆಯ ‘ನಂತರ’ ತಾಯಿ ಎಂಬುದನ್ನು ತಂದೆಯ ‘ಗೈರಿನಲ್ಲಿ’ ಎಂದು ಓದಬೇಕು, ಅವನು ಬದುಕಿದ್ದೂ ಮಗುವಿನತ್ತ ತಿರುಗಿ ನೋಡದಿದ್ದರೆ ತಾಯಿಯೇ ಪಾಲಕಿ ಎಂದು ಗೀತಾ ಹರಿಹರನ್ ಪ್ರಕರಣದಲ್ಲಿ 1999ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಕೋರ್ಟೆಂದರೆ ವಕೀಲರ ಫೀಸು, ವಾಯಿದೆ ಮೇಲೆ ವಾಯಿದೆ, ಆಸ್ಪತ್ರೆ ಬಿಲ್ಲು ಅಲ್ಲಿಯವರೆಗೆ ಕಾಯುತ್ತದೆಯೇ ಎಂಬ ಆಕ್ಷೇಪ ಮಾತ್ರ ಗಟ್ಟಿಯಾದದ್ದು. ಇಂಥ ಅರ್ಜಿಗಳು ಬೇಗ ತೀರ್ಮಾನವಾಗಬೇಕು. ಆಗದಿದ್ದರೆ ಒಳ್ಳೆಯ ಕಲಮೂ ಬಡವನಿಗೆ ಕಾಟವೇ. ಹಾಗೆಂದು ಅಡ್ಡದಾರಿ ಅಗ್ಗವಲ್ಲ. ಅನುಮತಿಯಿಲ್ಲದ ಮೈನರ್ ಆಸ್ತಿಗೆ ತಿಳಿದವರು ಪೂರ್ತಿ ಬೆಲೆ ಕೊಡುವುದಿಲ್ಲ, ತಿಳಿಯದವರು ಕೊಟ್ಟು ಕೆಡುತ್ತಾರೆ. ಒಂದು ವ್ಯತ್ಯಾಸ ಮಾತ್ರ ನೆನಪಿರಲಿ: ಒಟ್ಟು ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗುವಿಗಿರುವ ಅವಿಭಕ್ತ ಪಾಲಿಗೆ ಈ ಕಲಮು ಅನ್ವಯಿಸದು. ಕುಟುಂಬದ ಅಗತ್ಯಕ್ಕೆ ಕರ್ತ, ಅಂದರೆ ಮನೆಯ ಯಜಮಾನ, ಅದನ್ನು ಮಾರಬಹುದು. ಆದರೆ ಆ ಅಗತ್ಯ ನಿಜವಾಗಿ ಇತ್ತೆಂದು ತೋರಿಸುವ ಹೊಣೆ ಕೊಂಡವರ ತಲೆಯ ಮೇಲೇ ಬರುತ್ತದೆ.

ಕೊಳ್ಳುವವರು ಪಹಣಿ, ಇಸಿ ಜೊತೆಗೆ ಹಿಂದಿನ ಪತ್ರಗಳಲ್ಲಿ ‘ಮೈನರ್’ ಎಂಬ ಪದ ಇದೆಯೇ ನೋಡಿ. ಇದ್ದರೆ ನ್ಯಾಯಾಲಯದ ಆದೇಶದ ಪ್ರತಿ ಕೇಳಿ. ಅನುಮತಿಯಿಲ್ಲದೆ ತಮ್ಮ ಆಸ್ತಿ ಮಾರಿಹೋದ ಮಕ್ಕಳಿಗೆ ಅದನ್ನು ಪ್ರಶ್ನಿಸಲು ಇರುವ ಕಾಲಾವಕಾಶ ಹದಿನೆಂಟು ತುಂಬಿದ ಮೇಲೆ ಮೂರು ವರ್ಷ.