ಸ್ಫೋಟಕ್ಕೊಂದು ಪ್ರದಕ್ಷಿಣೆ

ಬಾಂಬು ಸಿಡಿದಾಗಿದೆ. ಚೂರುಗಳು ಮಾತ್ರ ಇನ್ನೂ ನೆಲ ಮುಟ್ಟಿಲ್ಲ! ಕರಕಲಾದ ಹಲಗೆ, ಸೊಟ್ಟಗಾದ ತೋಟದ ಸಲಕರಣೆ, ರಬ್ಬರ್ ಬೂಟು, ಮಕ್ಕಳ ಆಟಿಕೆ, ಹರಿದ ಪುಸ್ತಕ ಎಲ್ಲವೂ ಎದೆಮಟ್ಟದಲ್ಲಿ, ಕಣ್ಣೆದುರಿಗೆ, ತಲೆಯ ಮೇಲೆ ಹಾರುತ್ತ ಹಾರುತ್ತ ಗಕ್ಕನೆ ನಿಂತುಬಿಟ್ಟಿವೆ. ಬೇಕಿದ್ದರೆ ಸುತ್ತ ಒಂದು ಪ್ರದಕ್ಷಿಣೆ ಬನ್ನಿ, ಯಾರಿಗೂ ಏನೂ ಆಗುವುದಿಲ್ಲ.

ಬ್ರಿಟನ್ನಿನ ಕಲಾವಿದೆ ಕಾರ್ನೀಲಿಯಾ ಪಾರ್ಕರ್ 1991ರಲ್ಲಿ ಲಂಡನ್ನಿನ ಚಿಸೆನ್‌ಹೇಲ್ ಗ್ಯಾಲರಿಗಾಗಿ ಮಾಡಿದ ಕೃತಿ ಇದು. ಈಗ ಬ್ರಿಟನ್ನಿನ ಟೇಟ್ ಕಲಾಸಂಗ್ರಹದ ಸ್ವತ್ತು. ಹೆಸರು ‘ಕೋಲ್ಡ್ ಡಾರ್ಕ್ ಮ್ಯಾಟರ್: ಆ್ಯನ್ ಎಕ್ಸ್‌ಪ್ಲೋಡೆಡ್ ವ್ಯೂ’. ಮೊದಲರ್ಧ ಖಗೋಳ ವಿಜ್ಞಾನಿಗಳದು, ಯಾರ ಕಣ್ಣಿಗೂ ಬೀಳದ ಕಪ್ಪುದ್ರವ್ಯ. ಉಳಿದರ್ಧ ಯಂತ್ರಗಳ ಕೈಪಿಡಿಯದು, ಬಿಡಿಭಾಗಗಳನ್ನೆಲ್ಲ ಬಿಡಿಸಿ ತೋರಿಸುತ್ತಾರಲ್ಲ, ಆ ಚಿತ್ರ.

ಮಾಡಿದ ಬಗೆಯನ್ನಂತೂ ಕೇಳಲೇಬೇಕು. ಇಂಗ್ಲಿಷರ ಹಿತ್ತಿಲಲ್ಲಿ ಬೇಡವಾದದ್ದನ್ನೆಲ್ಲ ತುರುಕಿಡುವ ಮರದ ಶೆಡ್ಡು ಇರುತ್ತದೆ. ಅಂಥದ್ದೊಂದಕ್ಕೆ ಹಳೇ ಸಾಮಾನು ತುಂಬಿಸಿ, ಇದನ್ನು ಉಡಾಯಿಸಿಕೊಡಿ ಎಂದು ಪಾರ್ಕರ್ ಹೋದದ್ದು ಸೀದಾ ಸೈನ್ಯದ ಬಳಿಗೆ. ಐರಿಷ್ ಬಂಡುಕೋರರ ಸಂಘಟನೆ ಐಆರ್‌ಎಯ ಬಾಂಬುಗಳಿಗೆ ಲಂಡನ್ ಹೆದರಿದ್ದ ಕಾಲವದು. ಆದರೂ ಸೈನ್ಯ ಹೂಂ ಎಂದಿತು! ಸೈನ್ಯದ ಮದ್ದುಗುಂಡು ತರಬೇತಿ ಶಾಲೆಯವರು ಸೆಮ್‌ಟೆಕ್ಸ್ ಎಂಬ ಸ್ಫೋಟಕ ಇಟ್ಟುಕೊಟ್ಟರು. ಸಿಡಿಸಿದ್ದು ಸ್ವತಃ ಪಾರ್ಕರ್. ಆಮೇಲೆ ಚೆಲ್ಲಾಪಿಲ್ಲಿಯಾದ ಚೂರುಗಳನ್ನು ಆರಿಸಿ ತಂದು, ಒಂದೊಂದನ್ನೂ ಸಣ್ಣ ತಂತಿಯಲ್ಲಿ ಸೂರಿನಿಂದ ಇಳಿಬಿಟ್ಟರು.

ನಟ್ಟನಡುವೆ ಒಂದೇ ಒಂದು ಬಲ್ಬು. ನೋಡಬೇಕಾದದ್ದು ಗೋಡೆಯನ್ನು! ಬಲ್ಬಿಗೆ ಹತ್ತಿರದ ಅಂಗೈಯಗಲದ ಚೂರು ಅಲ್ಲಿ ಆಳೆತ್ತರದ ನೆರಳಾಗಿದೆ, ನಡುವೆ ನಿಮ್ಮ ನೆರಳೂ ಸೇರಿಕೊಂಡಿದೆ. ಸ್ಫೋಟವನ್ನು ನೋಡಲು ಬಂದವರು ಅದರ ಪಾಲುದಾರರಾಗುವುದು ಹೀಗೆ. ಯುದ್ಧದ ಬಗ್ಗೆ ಭಾಷಣ ಬಿಗಿಯುವ ನೂರು ಕ್ಯಾನ್ವಾಸುಗಳಿಗೆ ನಾನು ಇದೊಂದನ್ನು ಬದಲು ಕೊಡಲಾರೆ.

ಪಾರ್ಕರ್ ಅವರ ಇನ್ನೊಂದು ಅಚ್ಚರಿ 2015ರದು, ಮ್ಯಾಂಚೆಸ್ಟರಿನ ವಿಟ್‌ವರ್ತ್ ಗ್ಯಾಲರಿಯಲ್ಲಿ ಮೊದಲು ಕಂಡ ‘ವಾರ್ ರೂಮ್’. ಮಡಿದ ಸೈನಿಕರ ನೆನಪಿಗೆ ಬ್ರಿಟನ್ನಿನಲ್ಲಿ ಎದೆಗೆ ಸಿಕ್ಕಿಸಿಕೊಳ್ಳುವ ಕೆಂಪು ಗಸಗಸೆ ಹೂವು ಗೊತ್ತಲ್ಲ? ರಿಚ್‌ಮಂಡಿನ ಕಾರ್ಖಾನೆಯಲ್ಲಿ ಯಂತ್ರ ಆ ಕಾಗದದ ಹೂಗಳನ್ನು ಕತ್ತರಿಸಿಕೊಂಡ ಮೇಲೆ ತೂತುತೂತಾದ ಕೆಂಪು ಹಾಳೆ ಉಳಿಯುತ್ತಿತ್ತು, ಕಸ. ಪಾರ್ಕರ್ ಆ ಕಸವನ್ನೇ ಗೋಡೆಗೂ ಸೂರಿಗೂ ಡೇರೆಯಂತೆ ಕಟ್ಟಿದರು. ಎತ್ತ ನೋಡಿದರೂ ಎದ್ದುಹೋದ ಹೂಗಳ ತೂತು! ಡೇರೆಯ ಮಾದರಿ ಸಿಕ್ಕಿದ್ದು 1520ರಿಂದ. ಇಂಗ್ಲೆಂಡಿನ ಎಂಟನೇ ಹೆನ್ರಿ ಮತ್ತು ಫ್ರಾನ್ಸಿನ ಮೊದಲನೇ ಫ್ರಾನ್ಸಿಸ್ ಸ್ನೇಹ ಗಟ್ಟಿಮಾಡಿಕೊಳ್ಳಲು ಜರತಾರಿ ಡೇರೆಗಳಲ್ಲಿ ಭೇಟಿಯಾಗಿದ್ದರು. 1522ರಲ್ಲಿ ಅದೇ ಹೆನ್ರಿ ಫ್ರಾನ್ಸಿನ ಮೇಲೆ ಯುದ್ಧ ಸಾರಿದ.